ಮೇಲ್ ಒಪ್ಪಿಸಿದ ಮೇಲೆ

ಸ್ವಂತ ಸರ್ವರ್‌ನಿಂದ ನೇರವಾಗಿ ಮೇಲ್ ಕಳಿಸುವ ದಾರಿ ಈಗ ಹೆಚ್ಚುಕಮ್ಮಿ ಮುಚ್ಚಿಹೋಗಿದೆ. ಅಮೆಜಾನ್, ಗೂಗಲ್ ಕ್ಲೌಡ್‌ಗಳಲ್ಲಿ ಹೊರಹೋಗುವ 25ನೇ ಪೋರ್ಟ್ ಮೊದಲೇ ಬಂದ್ ಆಗಿರುತ್ತದೆ. ಮನೆಯ ಬ್ರಾಡ್‌ಬ್ಯಾಂಡ್ ವಿಳಾಸಗಳೋ ಸ್ಪ್ಯಾಮ್‌ಹೌಸ್‌ನಂಥವರ ತಡೆಪಟ್ಟಿಯಲ್ಲಿ ಸಾಲಾಗಿ ಕೂತಿವೆ. 1982ರಲ್ಲಿ ಜಾನ್ ಪೋಸ್ಟೆಲ್ ಮೇಲ್ ಸಾಗಿಸುವ ಎಸ್‌ಎಂಟಿಪಿಯ ನಿಯಮ ಬರೆದಾಗ ಯಾವ ಯಂತ್ರ ಬೇಕಾದರೂ ಯಾವ ಯಂತ್ರಕ್ಕೂ ಮೇಲ್ ಕೊಡಬಹುದಿತ್ತು. ಆ ಸಲುಗೆಯನ್ನು ಸ್ಪ್ಯಾಮ್ ತಿಂದುಹಾಕಿತು. ಈಗ ಉಳಿದಿರುವುದು ರಿಲೇ. ನಮ್ಮ ಮೇಲನ್ನು ಹೆಸರಿರುವ ಇನ್ನೊಂದು ಸರ್ವರ್‌ಗೆ ಪಾಸ್‌ವರ್ಡ್ ಕೊಟ್ಟು ಒಪ್ಪಿಸುವುದು, ಮುಂದಿನದನ್ನು ಅದಕ್ಕೆ ಬಿಡುವುದು.

ಇದಕ್ಕೆ ಬಹುಮಂದಿ ಹಿಡಿಯುವ ಸಲಕರಣೆ ಪೋಸ್ಟ್‌ಫಿಕ್ಸ್. ವೀಟ್ಸೆ ವೆನೆಮಾ ಐಬಿಎಂನಲ್ಲಿದ್ದಾಗ ಬರೆದ, 1998ರಲ್ಲಿ ಹೊರಬಂದ ಈ ತಂತ್ರಾಂಶದಲ್ಲಿ ರಿಲೇಗೆ ಬೇಕಾದ ಮುಖ್ಯ ಸಾಲು ಒಂದೇ, ‘ರಿಲೇಹೋಸ್ಟ್’. ಸರ್ವರ್‌ನ ಹೆಸರನ್ನು ಚೌಕ ಆವರಣದಲ್ಲಿಟ್ಟು ಮುಂದೆ 587 ಎಂದು ಪೋರ್ಟ್ ಬರೆದರೆ ಆಯಿತು. ಆವರಣವಿದ್ದರೆ ಆ ಹೆಸರಿಗೆ ಮೇಲ್ ಪಡೆಯುವ ಸರ್ವರ್ ಯಾವುದೆಂದು ಹೇಳುವ ಎಂಎಕ್ಸ್ ದಾಖಲೆ ಹುಡುಕದೆ ನೇರ ಅದೇ ಯಂತ್ರಕ್ಕೆ ಹೋಗುತ್ತದೆ. ಪಾಸ್‌ವರ್ಡ್ ಕಡತದಲ್ಲೂ ಅದೇ ರೂಪ, ಆವರಣ ಪೋರ್ಟ್ ಸಮೇತ, ಅಕ್ಷರಕ್ಕಕ್ಷರ ಇರಬೇಕು. ಆಮೇಲೆ ಆ ಕಡತವನ್ನು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರಲು ‘ಪೋಸ್ಟ್‌ಮ್ಯಾಪ್’ ಓಡಿಸಬೇಕು. ಇಷ್ಟರಮಟ್ಟಿಗೆ ಅಚ್ಚುಕಟ್ಟಾದ ಕೆಲಸ.

ತಕರಾರು ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ಲಾಗಿನ್ ಆಗಲು ಯಾವ ವಿಧಾನವೂ ಲಭ್ಯವಿಲ್ಲ ಎಂಬ ದೋಷ ಲಾಗ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ಕಾರಣ ಎರಡಿರಬಹುದು: ಡೆಬಿಯನ್‌ನಂಥ ಕಡೆ ಲಾಗಿನ್ ನಡೆಸುವ ಎಸ್‌ಎಎಸ್‌ಎಲ್ ಮಾಡ್ಯೂಲ್‌ಗಳ ಪ್ಯಾಕೇಜ್ ಹಾಕಿಲ್ಲ, ಇಲ್ಲವೇ ಪೋಸ್ಟ್‌ಫಿಕ್ಸ್ ಪಾಸ್‌ವರ್ಡನ್ನು ಬಿಚ್ಚಾಗಿ ಕಳಿಸಲು ಒಪ್ಪುತ್ತಿಲ್ಲ. ಎರಡಕ್ಕೂ ಒಂದೇ ಸಂದೇಶ ಕೊಡುವುದು ಈ ತಂತ್ರಾಂಶದ ದೊಡ್ಡ ಕೊರತೆ. ಅದಕ್ಕಿಂತ ದೊಡ್ಡದು ಕೈಪಿಡಿಗಳು ಹೇಳಿಕೊಡುವ ಮದ್ದು. ಭದ್ರತೆಯ ಆಯ್ಕೆಯಿಂದ ‘ನೋಪ್ಲೇನ್‌ಟೆಕ್ಸ್ಟ್’ ಕಿತ್ತುಹಾಕಿ ಎನ್ನುತ್ತವೆ. ಅದೇ ಉಸಿರಿನಲ್ಲಿ ಟಿಎಲ್‌ಎಸ್ ಮಟ್ಟವನ್ನು ‘ಮೇ’ ಎಂದಿಡಿ ಎಂದೂ ಹೇಳುತ್ತವೆ. ‘ಮೇ’ ಎಂದರೆ ಗೂಢಲಿಪೀಕರಣ ಸಿಕ್ಕರೆ ಸರಿ, ಸಿಗದಿದ್ದರೂ ಸರಿ. ನಡುದಾರಿಯಲ್ಲಿ ಕೂತವನು ಟಿಎಲ್‌ಎಸ್ ಪ್ರಸ್ತಾಪವನ್ನೇ ಅಳಿಸಿಬಿಟ್ಟರೆ ಪೋಸ್ಟ್‌ಫಿಕ್ಸ್ ತುಟಿಪಿಟಕ್ಕೆನ್ನದೆ ಪಾಸ್‌ವರ್ಡನ್ನು ಬಯಲಲ್ಲಿ ಕೊಟ್ಟುಬಿಡುತ್ತದೆ. ಮೇಲ್ ಹೋಯಿತು, ಕೆಲಸ ಮುಗಿಯಿತು ಎಂದು ಎಲ್ಲರೂ ಎದ್ದುಹೋಗುವುದು ಇಲ್ಲೇ.

ಸರಿಯಾದ ದಾರಿ ಪೋಸ್ಟ್‌ಫಿಕ್ಸ್‌ನಲ್ಲೇ ಇದೆ. ಸಾಮಾನ್ಯ ಆಯ್ಕೆಯನ್ನು ಮುಟ್ಟದೆ, ಟಿಎಲ್‌ಎಸ್ ಸಂಪರ್ಕಕ್ಕೆ ಮಾತ್ರ ಅನ್ವಯಿಸುವ ಪ್ರತ್ಯೇಕ ಆಯ್ಕೆಯಲ್ಲಿ ಸಡಿಲ ಬಿಟ್ಟರೆ ಸಾಕು. ಮಟ್ಟವನ್ನು ‘ಎನ್‌ಕ್ರಿಪ್ಟ್’ಗೆ ಏರಿಸಿದರೂ ಎದುರಿನವರ ಪ್ರಮಾಣಪತ್ರ ತಪಾಸಣೆ ಆಗುವುದಿಲ್ಲ, ಅದಕ್ಕೆ ‘ಸೆಕ್ಯೂರ್’ ಬೇಕು, ಜತೆಗೆ ನಂಬಬೇಕಾದ ಪ್ರಾಧಿಕಾರಗಳ ಕಡತವನ್ನೂ ತೋರಿಸಬೇಕು. ಲೋಕದ ಎಲ್ಲ ಸರ್ವರ್‌ಗಳ ಜತೆ ಇಷ್ಟು ಬಿಗಿ ಸಾಧ್ಯವಿಲ್ಲ, ಒಪ್ಪುತ್ತೇನೆ. ರಿಲೇಯಲ್ಲಿ ನಾವು ಮಾತಾಡುವುದು ಹೆಸರು ಗೊತ್ತಿರುವ ಒಂದೇ ಸರ್ವರ್ ಜತೆ. ಇಲ್ಲೂ ಸಡಿಲ ಬಿಡುವುದು ಬರೀ ಸೋಮಾರಿತನ.

ರಿಲೇ ಪಾಸ್‌ವರ್ಡನ್ನು ಸೀದಾ ವೆಬ್ ಅಪ್ಲಿಕೇಶನ್‌ಗೇ ಕೊಟ್ಟರಾಗದೇ, ನಡುವೆ ಪೋಸ್ಟ್‌ಫಿಕ್ಸ್ ಏಕೆ ಎಂಬ ಪ್ರಶ್ನೆಗೆ ಉತ್ತರ ಅದರ ಸರದಿ. ರಿಲೇ ನಿಂತುಹೋದರೆ ಮೇಲ್ ಸರದಿಯಲ್ಲಿ ಕಾಯುತ್ತದೆ, ಪೂರ್ವನಿಯೋಜಿತವಾಗಿ 5 ದಿನದವರೆಗೆ ಮತ್ತೆ ಮತ್ತೆ ಯತ್ನ ನಡೆಯುತ್ತದೆ. ಅಪ್ಲಿಕೇಶನ್ ತಾನೇ ಕಳಿಸಹೊರಟರೆ ರಿಲೇ ನಿಧಾನವಾದಾಗ ಬಳಕೆದಾರನ ಪುಟವೂ ಸುಮ್ಮನೆ ತಿರುಗುತ್ತಿರುತ್ತದೆ. ಹೊರಗಿನವರ ಮೇಲನ್ನು ತೆಗೆದುಕೊಳ್ಳದಂತೆ ಪೋಸ್ಟ್‌ಫಿಕ್ಸನ್ನು ಅದೇ ಯಂತ್ರದೊಳಗಿನ ಲೂಪ್‌ಬ್ಯಾಕ್‌ಗೆ ಕಟ್ಟಿಹಾಕುವುದನ್ನು ಮಾತ್ರ ಮರೆಯಬಾರದು.

ಆದರೂ ಈ ಪದ್ಧತಿಗೆ ಒಂದು ಬೆಲೆಯಿದೆ. ನೇರ ಕಳಿಸುತ್ತಿದ್ದಾಗ ಲಾಗ್‌ನಲ್ಲಿ 250 ಎಂಬ ಉತ್ತರ ಕಂಡರೆ ಪಡೆಯುವವರ ಸರ್ವರ್‌ಗೆ ತಲುಪಿತೆಂದೇ ಅರ್ಥ. ರಿಲೇ ಇಟ್ಟ ಮೇಲೆ ಅದೇ 250 ರಿಲೇಯದು. ಅದಕ್ಕಾಚೆ ಆಗುವುದು ನಮ್ಮ ಲಾಗ್‌ಗೆ ಬೀಳುವುದಿಲ್ಲ. ನಮ್ಮ ಡೊಮೇನ್ ಪರವಾಗಿ ಯಾರು ಮೇಲ್ ಕಳಿಸಬಹುದೆಂದು ಹೇಳುವ ಎಸ್‌ಪಿಎಫ್ ದಾಖಲೆಗೆ ರಿಲೇಯನ್ನು ಸೇರಿಸದೆ, ಡಿಕೆಐಎಂ ಸಹಿಯೂ ಇಲ್ಲದೆ ಕಳಿಸಿದರೆ ಜಿಮೇಲ್ ಅಲ್ಲೇ ತಿರಸ್ಕರಿಸಬಹುದು. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಎರಡೂ ಈ ವಿಷಯದಲ್ಲಿ ಕಟ್ಟುನಿಟ್ಟಾಗಿವೆ. ಆ ತಿರಸ್ಕಾರದ ಸುದ್ದಿ ಬೌನ್ಸ್ ಆಗಿ ಲಕೋಟೆಯ ಮೇಲಿನ ಕಳುಹಿಸಿದವರ ವಿಳಾಸಕ್ಕೆ ಮರಳಬೇಕು. ಬಹಳ ಸರ್ವರ್‌ಗಳಲ್ಲಿ ಆ ವಿಳಾಸ ವೆಬ್ ಸರ್ವರ್‌ನ ಖಾತೆ ಮತ್ತು ಒಳಗಿನ ಯಂತ್ರದ ಹೆಸರು ಸೇರಿ ಆದದ್ದು. ಹೊರಜಗತ್ತಿಗೆ ಅಂಥ ವಿಳಾಸವೇ ಇಲ್ಲ. ಪೋಸ್ಟ್‌ಫಿಕ್ಸ್‌ನ ‘ಜೆನೆರಿಕ್’ ನಕ್ಷೆಯಲ್ಲಿ ಅದನ್ನು ಯಾರಾದರೂ ಓದುವ ವಿಳಾಸಕ್ಕೆ ತಿರುಗಿಸಬಹುದು. ರಿಲೇ ಕೂಡಿಸಿದವರು ತಮಗೇ ಒಂದು ಮೇಲ್ ಕಳಿಸಿ ಬಂತೆಂದು ನೋಡಿದರೆ ಇದ್ಯಾವುದೂ ತಿಳಿಯುವುದಿಲ್ಲ. ಬೇರೆ ಡೊಮೇನ್‌ನ ಇಲ್ಲದ ವಿಳಾಸಕ್ಕೊಂದು ಕಳಿಸಿ, ಬೌನ್ಸ್ ಯಾರ ಇನ್‌ಬಾಕ್ಸ್‌ಗೆ ಬಂತು ಎಂದು ನೋಡಬೇಕು.