ಬೀಗ ಬಿದ್ದ ಮನೆಯ ಕಾಗದಗಳು

ಮನೆ ಖಾಲಿ ಮಾಡುವಾಗ ಪಾತ್ರೆಪಡಗ ಕಟ್ಟುವುದು ದೊಡ್ಡ ಕಷ್ಟವಲ್ಲ. ಅಡಿಗೆ ಪುಸ್ತಕದ ಅಂಚಿನಲ್ಲಿ ಅತ್ತೆ ಬರೆದಿಟ್ಟ ಅಳತೆ, ಕ್ಯಾಲೆಂಡರಿನ ಬೆನ್ನ ಮೇಲಿನ ಹಾಲಿನ ಲೆಕ್ಕ, ಇವುಗಳ ಗತಿಯೇನು ಎಂಬುದೇ ಕಷ್ಟ. ಕಂಪ್ಯೂಟರಿನ ಲೋಕದಲ್ಲೂ ಇದೇ ತಾಪತ್ರಯವಿದೆ. ಓಪನ್‌ಸೋಲಾರಿಸ್ ಎಂಬ ತಂತ್ರಾಂಶದ ಕತೆ ಅಂಥದು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ಕೇಳಿ, ಆಮೇಲೆ ಓದಿ ತಿಳಿದುಕೊಂಡೆ.

ಸೋಲಾರಿಸ್ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿಯ ಸೊತ್ತು. ದೊಡ್ಡ ಕಂಪ್ಯೂಟರುಗಳನ್ನು ನಡೆಸುವ ಮೂಲ ತಂತ್ರಾಂಶ. 2005ರಲ್ಲಿ ಕಂಪೆನಿ ಅದರ ಬಹುಭಾಗವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಲೆಂದು ಬಿಟ್ಟುಕೊಟ್ಟಿತು. ಸುತ್ತ ಒಂದು ಬಳಗ ಬೆಳೆಯಿತು. ಕೈಪಿಡಿ ಬರೆದರು, ಹೊಸಬರ ಪ್ರಶ್ನೆಗಳಿಗೆ ಉತ್ತರ ಕೊಟ್ಟರು, ದೋಷಗಳ ಪಟ್ಟಿ ಇಟ್ಟರು. ಎಲ್ಲವೂ ಕಂಪೆನಿಯೇ ನಡೆಸುತ್ತಿದ್ದ ಜಾಲತಾಣದಲ್ಲಿ! 2010ರ ಜನವರಿಯಲ್ಲಿ ಆರಕಲ್ ಕಂಪೆನಿ ಸನ್ನನ್ನು ಕೊಂಡಿತು. ಆಗಸ್ಟಿನಲ್ಲಿ ಓಪನ್‌ಸೋಲಾರಿಸ್ ನಿಂತಿತು. ಬಳಗದ ಆಡಳಿತ ಮಂಡಳಿ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. 2013ರಲ್ಲಿ ತಾಣಕ್ಕೂ ಬೀಗ ಬಿತ್ತು.

ತಂತ್ರಾಂಶ ಮಾತ್ರ ಸಾಯಲಿಲ್ಲ. ಪರವಾನಗಿಯಲ್ಲಿ ಹಕ್ಕಿತ್ತಲ್ಲ, ಅದರ ಬಲದಿಂದ 2010ರ ಆಗಸ್ಟಿನಲ್ಲೇ ಕೆಲವರು ಇಲ್ಯೂಮೋಸ್ ಎಂಬ ಹೆಸರಿನಲ್ಲಿ ಬೇರೆ ಒಲೆ ಹೂಡಿದರು. ಸನ್ ಬಿಟ್ಟುಕೊಡದೆ ಉಳಿಸಿಕೊಂಡಿದ್ದ ತುಣುಕುಗಳಲ್ಲಿ ಒಂದು, ಬೇರೆಬೇರೆ ಭಾಷೆಗಳ ಅಕ್ಷರ, ದಿನಾಂಕ, ಅಂಕಿಗಳ ರೂಢಿಯನ್ನು ನೋಡಿಕೊಳ್ಳುವ ಭಾಗ. ಅದಕ್ಕೆ ಫ್ರೀಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ತಂತ್ರಾಂಶದಿಂದ ಎರವಲು ತಂದು ತೇಪೆ ಹಾಕಿದರು. ಭಾಷೆಯ ಭಾಗವನ್ನೇ ಬಚ್ಚಿಟ್ಟುಕೊಂಡರಲ್ಲ ಎಂದು, ಭಾಷೆ ಕಲಿಸುವ ನನಗೆ ನಗು ಬಂತು.

ಬಳಗದವರು ಬರೆದ ಪುಟಗಳಿಗೆ ಇಷ್ಟು ಅದೃಷ್ಟವಿರಲಿಲ್ಲ. "ಪ್ರೋಗ್ರಾಮ್ ಸಿಗುತ್ತೆ ಮಿಸ್, ಅದನ್ನ ಹಾಗೆ ಯಾಕೆ ಬರೆದ್ರು ಅಂತ ಹೇಳೋ ಪುಟ ಎಷ್ಟೋ ಸಲ ಸಿಗಲ್ಲ" ಎಂದಳು ನನ್ನ ಹುಡುಗಿ. ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್ನೆಟ್ ಆರ್ಕೈವ್ 1996ರಿಂದ ಜಗತ್ತಿನ ಜಾಲಪುಟಗಳ ಪ್ರತಿ ತೆಗೆದಿಡುತ್ತ ಬಂದಿದೆ. ಪುಟದ ನೆತ್ತಿಯ ಮೇಲೆ ಪ್ರತಿ ತೆಗೆದ ದಿನಾಂಕ ಕಾಣಿಸುತ್ತದೆ. ಉಪ್ಪಿನಕಾಯಿ ಜಾಡಿಯ ಮೇಲೆ ತಿಂಗಳು ಬರೆದಿಡುವಂಥ ಈ ಶಿಸ್ತು ನನಗೆ ಮೆಚ್ಚುಗೆ. ಆದರೆ ಅದರ ಕೈಗೆಟಕುವುದು ಹೆಚ್ಚಾಗಿ ಕೊಂಡಿ ಹಿಡಿದು ಹೋದರೆ ಕಾಣುವ ಪುಟಗಳು. ಹುಡುಕುವ ಪದ ಟೈಪು ಮಾಡಿದರಷ್ಟೇ ಹೊರಬರುವ ಉತ್ತರಗಳು ಸಾಮಾನ್ಯವಾಗಿ ತಪ್ಪಿಹೋಗುತ್ತವೆ. ಅಭಿಮಾನಿಗಳು ತಾವೇ ಮಾಡಿಡುವ ನಕಲುಗಳ ಮೇಲೆ ನನ್ನ ತಕರಾರು ಬೇರೆ. ಎಲ್ಲಿಂದ, ಯಾವಾಗ ತಂದರೆಂಬ ಸುಳಿವೇ ಇಲ್ಲದಿದ್ದರೆ, ಹೊಸದಾಗಿ ಬಂದವಳು 2008ರ ಸಲಹೆಯನ್ನು ಇವತ್ತಿನದೆಂದು ನಂಬಿ ಯಂತ್ರ ಕೆಡಿಸಿಕೊಳ್ಳಬೇಕಷ್ಟೆ.

ನಕಲು ಇದೆಯೆಂಬ ಒಂದೇ ಮಾತಿಗೆ ನಾನು ಸಮಾಧಾನಪಡುವವಳಲ್ಲ. ನಮ್ಮ ಶಾಲೆಯ ಸ್ಮರಣ ಸಂಚಿಕೆಯೊಂದು ಹಳೆಯ ಕನ್ನಡ ಫಾಂಟಿನಲ್ಲಿ ಅಚ್ಚಾಗಿತ್ತು. ಫ್ಲಾಪಿಯಿಂದ ಸಿಡಿಗೆ, ಸಿಡಿಯಿಂದ ಪೆನ್‌ಡ್ರೈವಿಗೆ ಒಂದಕ್ಷರವೂ ಕಳೆಯದೆ ಬಂದಿದೆ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಹೆಡ್‌ಮೇಷ್ಟರ ಮುನ್ನುಡಿಯೂ ಮಕ್ಕಳ ಪದ್ಯಗಳೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ!

ಮಾಲೀಕರು ತಮ್ಮ ಮನೆ ಮುಚ್ಚಬಾರದೆಂದು ಹೇಳಲಾರೆ. ಊರವರು ಪುಕ್ಕಟೆ ಬರೆದ ಕಾಗದಗಳನ್ನು ಗಂಟುಕಟ್ಟಿ ಕೈಗೆ ಕೊಟ್ಟು ಮುಚ್ಚಲಿ. ಗೂಗಲ್ 2016ರಲ್ಲಿ ತನ್ನ ಗೂಗಲ್ ಕೋಡ್ ತಾಣವನ್ನು ಮುಚ್ಚುವ ಹತ್ತು ತಿಂಗಳು ಮೊದಲೇ ತಿಳಿಸಿತ್ತು; ಪ್ರೋಗ್ರಾಮುಗಳ ಜೊತೆಗೆ ದೋಷಗಳ ಪಟ್ಟಿ, ಕೈಪಿಡಿಗಳನ್ನೂ ಓದಲಿಕ್ಕೆ ಉಳಿಸಿತು. ಅಷ್ಟು ಸಾಕಿತ್ತು. ಹಾಗೆ ಉಳಿದದ್ದೂ ಒಂದೇ ಕಡೆ ಇರಬಾರದು. 2024ರ ಅಕ್ಟೋಬರಿನಲ್ಲಿ ಕಿಡಿಗೇಡಿಗಳ ದಾಳಿಯಿಂದ ಇಂಟರ್ನೆಟ್ ಆರ್ಕೈವೇ ಕೆಲವು ದಿನ ಬಾಗಿಲು ಹಾಕಿಕೊಂಡಿತ್ತು. ಬೀಗ ಬಿದ್ದ ತಾಣಗಳ ಪುಟಗಳು ಬೇಕಾದವರು ಆ ದಿನಗಳಲ್ಲಿ, ಬೇರೆ ಯಾರಾದರೂ ಇನ್ನೊಂದು ಪ್ರತಿ ಇಟ್ಟುಕೊಂಡಿದ್ದಾರೆಯೇ ಎಂದು ಹುಡುಕಬೇಕಾಯಿತು.