ಔಷಧವೃತ್ತಾಂತ ಪ್ರಶ್ನವಿಚಾರ

ರೋಗಿಯು ಆಸ್ಪತ್ರೆಗೆ ಬರುವುದಕ್ಕೆ ಮೊದಲು ಯಾವ ಯಾವ ಔಷಧಗಳನ್ನು, ಎಷ್ಟು ಪ್ರಮಾಣದಲ್ಲಿ, ಎಷ್ಟು ಕಾಲದಿಂದ ಸೇವಿಸುತ್ತಿರುವನೆಂಬುದನ್ನು ಕೇಳಿ ಬರೆದುಕೊಳ್ಳುವ ಕಾರ್ಯಕ್ಕೆ ಔಷಧವೃತ್ತಾಂತವೆಂದು ಹೆಸರಿಡಬಹುದು. ಇದನ್ನು ವೈದ್ಯರು ಮಾತ್ರವೇ ಅಲ್ಲ, ತಕ್ಕ ಶಿಕ್ಷಣ ಹೊಂದಿದ ಔಷಧಶಾಲೆಯ ಸಹಾಯಕರೂ ಮಾಡಬಲ್ಲರೆಂಬುದಕ್ಕೆ ಪ್ರಮಾಣವುಂಟು. ಲಾಸ್ ಏಂಜಲೀಸ್ ನಗರದ ಸೀಡರ್ಸ್-ಸೈನಾಯ್ ಆಸ್ಪತ್ರೆಯವರು 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಫಾರ್ಮಸಿಸ್ಟರಾಗಲಿ ಅವರ ಮೇಲ್ವಿಚಾರಣೆಯಲ್ಲಿದ್ದ ಸಹಾಯಕರಾಗಲಿ ವೃತ್ತಾಂತವನ್ನು ಬರೆದುಕೊಂಡಾಗ, ರೋಗಿಯು ದಾಖಲಾಗುವ ಸಮಯದ ಔಷಧಾದೇಶಗಳಲ್ಲಿನ ದೋಷಗಳು ನೂರಕ್ಕೆ 80ಕ್ಕಿಂತ ಹೆಚ್ಚಾಗಿ ಕಡಮೆಯಾದುವು. ನಮ್ಮ ದೇಶದಲ್ಲಿಯೂ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು, ಔಷಧಗಳ ಪುನರುಕ್ತಿಯನ್ನೂ ಪರಸ್ಪರ ವಿರೋಧವನ್ನೂ ಗುರುತಿಸುವ ಭಾರವನ್ನು ಫಾರ್ಮಸಿಸ್ಟನ ಮೇಲೆ ಹೊರಿಸಿವೆ. ವೃತ್ತಾಂತವಿಲ್ಲದೆ ಇದು ನಡೆಯತಕ್ಕುದಲ್ಲ. ಈ ಶಿಕ್ಷಣವು ಕೊಡಗಿನ ಹಾರಂಗಿ ಸೀಮೆಯಂತಹ ಬಹುಭಾಷಾಪ್ರದೇಶದಲ್ಲಿ ಹೇಗಿರಬೇಕೆಂಬುದನ್ನು ವಿಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ.

"ಇದೆಲ್ಲವೂ ನಮ್ಮ ಪ್ರಾಚೀನರಲ್ಲಿಯೇ ಉಂಟು, ಹೊಸದೇನು?" ಎಂದು ಆಕ್ಷೇಪಿಸುವವರಿದ್ದಾರೆ. ಈ ಪೂರ್ವಪಕ್ಷವನ್ನು ಮೊದಲು ಪರಿಶೀಲಿಸೋಣ. ಸುಶ್ರುತನು ಸೂತ್ರಸ್ಥಾನದ 10ನೆಯ ಅಧ್ಯಾಯದಲ್ಲಿ ಪಂಚೇಂದ್ರಿಯಗಳೊಡನೆ ಪ್ರಶ್ನವನ್ನೂ ಸೇರಿಸಿ ರೋಗಜ್ಞಾನಕ್ಕೆ ಆರು ಉಪಾಯಗಳನ್ನು ಹೇಳಿದ್ದಾನೆ. ದೇಶ, ಕಾಲ, ಜಾತಿ, ಸಾತ್ಮ್ಯ, ರೋಗೋತ್ಪತ್ತಿ, ವೇದನೆಯ ಏರಿಕೆ, ಬಲ, ಅಗ್ನಿ, ಮಲಮೂತ್ರಪ್ರವೃತ್ತಿ ಮೊದಲಾದುವು ಪ್ರಶ್ನದಿಂದ ತಿಳಿಯತಕ್ಕವು. ಪಟ್ಟಿಯು ವಿಪುಲವಾದುದೇ ಸರಿ. ಆದರೆ ರೋಗಿಯು ಈಗ ಸೇವಿಸುತ್ತಿರುವ ಔಷಧವಾವುದೆಂಬ ಪ್ರಶ್ನವು ಅದರಲ್ಲಿ ಪ್ರತ್ಯೇಕವಾಗಿ ಕಾಣುವುದಿಲ್ಲ. ಸಾತ್ಮ್ಯಪದದಲ್ಲಿಯೋ 'ಆದಿ' ಶಬ್ದದಲ್ಲಿಯೋ ಅದನ್ನು ಅಡಗಿಸುವುದು ವ್ಯಾಖ್ಯಾನಚಾತುರ್ಯವಾದೀತೇ ಹೊರತು ಗ್ರಂಥಾರ್ಥವಾಗದು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಆಗ ರೋಗವನ್ನು ನೋಡಿದ ವೈದ್ಯನೇ ಔಷಧವನ್ನೂ ಯೋಜಿಸುತ್ತಿದ್ದನು. ಈಗಲಾದರೋ ಹಾರಂಗಿಯ ತೀರದ ಒಬ್ಬ ರೋಗಿಗೆ ಕುಶಾಲನಗರದ ಅಂಗಡಿಯ ಮಾತ್ರೆ, ಮಡಿಕೇರಿಯ ಆಸ್ಪತ್ರೆಯ ಚೀಟಿ, ಮನೆಯ ಹಿರಿಯರ ಕಷಾಯ, ಹೊಳೆಯಾಚೆಯ ಬೈಲಕುಪ್ಪೆಯಲ್ಲಿ ಟಿಬೆಟಿನವರ ಸೋವಾ ರಿಗ್ಪಾ ವೈದ್ಯ, ಇಷ್ಟೂ ಏಕಕಾಲದಲ್ಲಿ ಸುಲಭ. ರೋಗ ಒಂದು, ಕೈ ನಾಲ್ಕು. ಆದಕಾರಣ ಈ ಪ್ರಶ್ನವು ನವೀನವೆಂದು ಒಪ್ಪಿಕೊಳ್ಳುವುದೇ ನ್ಯಾಯ.

ಪ್ರಾಚೀನರಿಂದ ಗ್ರಹಿಸತಕ್ಕ ಅಂಶವು ಬೇರೊಂದುಂಟು. ಆಡು ಕುರಿ ಹಸುಗಳನ್ನು ಕಾಯುವವರೂ ವನವಾಸಿಗಳೂ ಓಷಧಿಗಳನ್ನು ನಾಮರೂಪಗಳಿಂದ ಬಲ್ಲರು. ಆದರೆ ಅಷ್ಟರಿಂದಲೇ ಯೋಗಜ್ಞಾನವಾಗದು ಎಂಬುದು ಚರಕಸಂಹಿತೆಯ ಮೊದಲ ಅಧ್ಯಾಯದ ಅಭಿಪ್ರಾಯ. ಇಂದಿನ ರೋಗಿಗೆ ನಾಮವೂ ತಪ್ಪಿ ರೂಪವೊಂದೇ ಉಳಿದಿರುತ್ತದೆ: "ಬೆಳಗಿನ ಬಿಳಿ ಮಾತ್ರೆ" ಎನ್ನುತ್ತಾನೆ. ಮಾತ್ರಾಶಬ್ದಕ್ಕೆ ಸಂಸ್ಕೃತದಲ್ಲಿ ಪ್ರಮಾಣವೆಂದರ್ಥ. ಕನ್ನಡದಲ್ಲಿ ಅದು ದ್ರವ್ಯಕ್ಕೇ ಹೆಸರಾಗಿ ಪ್ರಮಾಣವು ಮರೆಯಾಗಿದೆ. "ಎಷ್ಟು ತೆಗೆದುಕೊಳ್ಳುವಿರಿ?" ಎಂದರೆ "ಒಂದು ಮಾತ್ರೆ" ಎಂದು ಉತ್ತರ ಬರುವುದು, ಅದು 5 ಮಿಲಿಗ್ರಾಮೋ 10 ಮಿಲಿಗ್ರಾಮೋ ತಿಳಿಯದು. ರೋಗಿಯ ಮಾತಿನೊಡನೆ ಚೀಟಿ, ಮಾತ್ರೆಯ ಹಾಳೆ, ಮನೆಯವರ ಹೇಳಿಕೆ, ಇವುಗಳಲ್ಲಿ ಒಂದನ್ನಾದರೂ ತಾಳೆ ನೋಡಬೇಕೆಂಬ ಆಧುನಿಕರ ವಿಧಿಯು ಇದಕ್ಕೆ ಯುಕ್ತವಾದ ಪರಿಹಾರ.

ಆದರೆ ಆಧುನಿಕರ ಪ್ರಶ್ನಪತ್ರವನ್ನು ಇಂಗ್ಲಿಷಿನಿಂದ ಪದಶಃ ತಂದರೆ ಸಾಲದು. "ಔಷಧಿ ಏನಾದರೂ ಇದೆಯೇ?" ಎಂದು ಕೇಳಿದರೆ, ಕೇಳಿದವನ ಮನಸ್ಸಿನಲ್ಲಿ ಅಂಗಡಿಯ ಮಾತ್ರೆಯೇ ಮೂಡುವುದು. ಕೊಡಗಿನ ಮದ್ದುಸೊಪ್ಪನ್ನೇ ನೋಡಿರಿ. ಜಸ್ಟಿಷಿಯಾ ವೈನಾಡೆನ್ಸಿಸ್ ಎಂಬ ಈ ಗಿಡದಲ್ಲಿ ಕಕ್ಕಡ ಮಾಸದ 18ನೆಯ ದಿನ, ಎಂದರೆ ಆಗಸ್ಟ್ 3ರ ಸುಮಾರಿಗೆ, 18 ಬಗೆಯ ಮದ್ದು ಸೇರುತ್ತದೆಂದು ನಂಬಿ, ಅದರ ರಸದಿಂದ ಪಾಯಸ ಮಾಡಿ ಉಣ್ಣುತ್ತಾರೆ. ಉಂಡವರ ಮೂತ್ರವು ಕೆಂಪಾಗುವುದು ಅನುಭವಸಿದ್ಧ. ಕ್ಷಯರೋಗದ ರಿಫಾಂಪಿಸಿನ್ನಿನಿಂದಲೂ ಮೂತ್ರಕ್ಕೆ ಕೆಂಪು ಬರುವುದು, ರಕ್ತಸ್ರಾವದಿಂದಲೂ ಬರುವುದು. ಮೂರರಲ್ಲಿ ಯಾವುದೆಂದು ವಿವೇಚಿಸಲು ಮೊದಲ ಸಾಧನ ಪ್ರಶ್ನವೇ. ಆದರೆ ಹೆಸರಿನಲ್ಲಿಯೇ ಮದ್ದುಳ್ಳ ಈ ಸೊಪ್ಪನ್ನು ಔಷಧವೆಂದು ಯಾರು ಹೇಳಿಯಾರು? ಅದು ಅವರಿಗೆ ಹಬ್ಬದೂಟ. ರೋಗಿಯು ಸುಳ್ಳಾಡಲಿಲ್ಲ, ಪ್ರಶ್ನವೇ ಅವ್ಯಾಪ್ತಿದೋಷದಿಂದ ದುಷ್ಟವಾಯಿತು.

ಆದುದರಿಂದ ಸಹಾಯಕರಿಗೆ ಪಟ್ಟಿಯನ್ನು ಕಂಠಪಾಠ ಮಾಡಿಸುವುದು ಶಿಕ್ಷಣವಲ್ಲ. ಮದ್ದು, ಗುಳಿಗೆ, ಕಷಾಯ, ಲೇಹ, ಹಚ್ಚುವ ಎಣ್ಣೆ, ಕಣ್ಣಿನ ಹನಿ, ಸೂಜಿ, ಈ ತಿಂಗಳು ಮನೆಯಲ್ಲಿ ಮಾಡಿದ ವಿಶೇಷ ಅಡುಗೆ ಎಂದು ಬಿಡಿಬಿಡಿಯಾಗಿ ಹೆಸರಿಸಿ ಕೇಳಲು ಕಲಿಸಬೇಕು. ಕೊಡವ ಭಾಷೆ, ಅರೆಭಾಷೆ, ಮಲಯಾಳ, ತುಳುಗಳಲ್ಲಿ ಈ ಪದಾರ್ಥಗಳಿಗಿರುವ ಹೆಸರುಗಳನ್ನು ಸಂಗ್ರಹಿಸಿ ಅವರ ಕೈಗೆ ಕೊಡಬೇಕು. ಬರೆದು ಕೊಟ್ಟುದೆಲ್ಲವನ್ನೂ ರೋಗಿಯು ಸೇವಿಸುತ್ತಾನೆಂದು ಭಾವಿಸದೆ, ಬಿಟ್ಟುದೇನು, ಏಕೆ ಬಿಟ್ಟುದು ಎಂಬುದನ್ನು ಗದರಿಸದೆ ಕೇಳುವ ಅಭ್ಯಾಸವಾಗಬೇಕು. ಗದರಿದ ಕಡೆಯಲ್ಲಿ ಸತ್ಯವು ಹೊರಡದು. ಅವರು ಬರೆದುದನ್ನು ಫಾರ್ಮಸಿಸ್ಟನು ಮತ್ತೊಮ್ಮೆ ಶೋಧಿಸಬೇಕು.

ಪದಸಂಗ್ರಹವು ವೈದ್ಯರೊಬ್ಬರ ಕೆಲಸವಲ್ಲ, ಭಾಷಾಜ್ಞರಿಗೂ ಸೇರಿದುದು. ನಿಘಂಟುಕಾರರು ಹಳಗನ್ನಡ ಪದಗಳಿಗೆ ತೋರುವ ಶ್ರದ್ಧೆಯಲ್ಲಿ ಒಂದಂಶವನ್ನು ರೋಗಿಯ ಮಾತಿಗೂ ಮೀಸಲಿಡುವುದಾದರೆ, ಅದರಿಂದ ಉಳಿಯುವುದು ಶಬ್ದ ಮಾತ್ರವಲ್ಲ, ಪ್ರಾಣವೂ ಹೌದೆಂದು ವಿದ್ವಾಂಸರು ಮನಗಾಣಬೇಕಾಗಿದೆ.