ಹಾವು ಸಿಕ್ಕರೆ ಕೇಸು, ವಿಡಿಯೊ ಸಿಕ್ಕರೆ?

ಹಿರಿಯೂರು, ಹೊಸದುರ್ಗದಂಥ ಬಯಲುಸೀಮೆಯ ಹೊಲಗಳಲ್ಲಿ ಮಣ್ಣಿನೊಳಗೆ ಹುದುಗಿ ಬದುಕುವ ಮಣ್ಣುಮುಕ್ಕ ಹಾವಿಗೆ ವಿಷವಿಲ್ಲ. ಇಲಿ ತಿಂದು ಬೆಳೆ ಉಳಿಸುತ್ತದೆ. ಅದರ ಮೊಂಡು ಬಾಲ ತಲೆಯಂತೆ ಕಾಣುವುದೇ ಅದಕ್ಕೆ ಮುಳುವಾಗಿದೆ. ‘ಎರಡು ತಲೆ ಹಾವು’ ಮನೆಗೆ ಐಶ್ವರ್ಯ ತರುತ್ತದೆ, ತೂಕ ಹೆಚ್ಚಿದಷ್ಟೂ ಬೆಲೆ ಹೆಚ್ಚು ಎಂಬ ಸುಳ್ಳನ್ನು ಹಿಂದೆ ದಲ್ಲಾಳಿ ಊರೂರು ತಿರುಗಿ ಹೇಳಬೇಕಿತ್ತು. ಈಗ ಹಾವನ್ನು ತಕ್ಕಡಿಗೆ ಹಾಕಿ ಚಿತ್ರೀಕರಿಸಿದರೆ ಸಾಕು. 2016–2021ರ ಅವಧಿಯಲ್ಲಿ ಈ ಹಾವಿನ 172 ಜಪ್ತಿ ಪ್ರಕರಣಗಳನ್ನು ಗುರುತಿಸಿದ, ವನ್ಯಜೀವಿ ಸಂರಕ್ಷಣಾ ಸಂಸ್ಥೆ ಡಬ್ಲ್ಯುಸಿಎಸ್–ಇಂಡಿಯಾದ ವರದಿ, 2021ರಲ್ಲೇ ಮಾರಾಟಕ್ಕೆ ಪ್ರಚೋದಿಸುವ 200 ಯೂಟ್ಯೂಬ್ ವಿಡಿಯೊಗಳನ್ನು ಕಂಡಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಲಹೀನ ಕಾನೂನಲ್ಲ. ಪ್ರಾಣಿಯನ್ನು ಹಿಡಿಯುವುದನ್ನೂ ಹಿಡಿಯಲು ಯತ್ನಿಸುವುದನ್ನೂ ಅದು ‘ಬೇಟೆ’ ಎಂದೇ ಪರಿಗಣಿಸುತ್ತದೆ. ಪ್ರಾಣಿ ಕೈಯಲ್ಲಿ ಸಿಕ್ಕರೆ, ಅದನ್ನು ಕಾನೂನುಬದ್ಧವಾಗಿ ಇಟ್ಟುಕೊಂಡಿದ್ದೇನೆಂದು ಸಾಬೀತುಪಡಿಸುವ ಹೊಣೆ 57ನೇ ಕಲಂ ಪ್ರಕಾರ ಆರೋಪಿಯದು. ಉಡ, ಚಿಪ್ಪುಹಂದಿಯಂಥ ಮೊದಲ ಅನುಸೂಚಿಯ ಪ್ರಾಣಿಗಳಾದರೆ ಕನಿಷ್ಠ ಮೂರು ವರ್ಷ ಜೈಲು. ಆದರೆ ಈ ಬಿಗಿಯೆಲ್ಲ ಪ್ರಾಣಿ ಸಿಕ್ಕ ಮೇಲಿನದು. ವಿಡಿಯೊ ಮಾತ್ರ ಸಿಕ್ಕಾಗ ಪ್ರಯತ್ನ, ಕುಮ್ಮಕ್ಕು ಎಂದು 52ನೇ ಕಲಂ ಹಚ್ಚಬಹುದು; ಅದಕ್ಕೂ ಒಂದು ನಿರ್ದಿಷ್ಟ ಅಪರಾಧದ ಜೊತೆ ನಂಟು ತೋರಿಸಬೇಕು. ಜಾಹೀರಾತನ್ನೇ ಅಪರಾಧವೆನ್ನುವ ನೇರ ಕಲಂ ಕಾಯ್ದೆಯಲ್ಲಿಲ್ಲ. ವಿಡಿಯೊಗೆ ವೇದಿಕೆಯಾದ ಕಂಪನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಂ ರಕ್ಷಣೆಯಿದೆ: ನ್ಯಾಯಾಲಯವೋ ಸರ್ಕಾರವೋ ಹೇಳುವವರೆಗೆ ಹೊಣೆ ಹೊರಬೇಕಿಲ್ಲ.

ಜಾಹೀರಾತನ್ನೇ ನಿಷೇಧಿಸುವ ಕಲಂ ಬರೆಯುವುದು ಅಸಾಧ್ಯವೇನಲ್ಲ. ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಗೆ 2003ರಲ್ಲಿ ತಂದ ತಿದ್ದುಪಡಿ 22ನೇ ಕಲಮಿನ ಜಾಹೀರಾತು ನಿಷೇಧದಲ್ಲಿ ಅಂತರ್ಜಾಲವನ್ನು ಹೆಸರಿಸಿಯೇ ಸೇರಿಸಿತು. ಹೆಣ್ಣುಭ್ರೂಣದ ವಿಷಯದಲ್ಲಿ ಸಂಸತ್ತಿಗೆ ಹೊಳೆದದ್ದು ವನ್ಯಜೀವಿಯ ವಿಷಯದಲ್ಲಿ ಹೊಳೆಯಲಿಲ್ಲ. ವನ್ಯಜೀವಿ ಕಾಯ್ದೆಗೆ ತಂದ 2022ರ ತಿದ್ದುಪಡಿ ಅನುಸೂಚಿಗಳನ್ನು ನಾಲ್ಕಕ್ಕಿಳಿಸಿತು, ಸಾಮಾನ್ಯ ದಂಡದ ಮಿತಿಯನ್ನು 25,000ದಿಂದ ಒಂದು ಲಕ್ಷ ರೂಪಾಯಿಗೆ ಏರಿಸಿತು. ಅಷ್ಟು ಹೊತ್ತಿಗೆ ಮಾರುಕಟ್ಟೆ ಮೊಬೈಲಿಗೆ ಬಂದು ವರ್ಷಗಳೇ ಆಗಿದ್ದವು. ಆದರೂ ಜಾಹೀರಾತನ್ನು ಬಿಟ್ಟದ್ದು ನನ್ನ ಪಾಲಿಗೆ ಕ್ಷಮಿಸಲಾಗದ ಲೋಪ. ಪ್ರತಿ ವಿಡಿಯೊ ಹೊಸ ಗಿರಾಕಿಯನ್ನು ಹುಟ್ಟಿಸುತ್ತದೆ, ಹೊಲದಲ್ಲಿ ಹಾವು ಅಗೆಯುವವನಿಗೆ ಆಸೆ ಹಚ್ಚುತ್ತದೆ.

ಇನ್ನು ಸಾಕ್ಷ್ಯದ ಕಷ್ಟ. ಹೊಳಲ್ಕೆರೆಯಂಥ ತಾಲ್ಲೂಕಿನಲ್ಲಿ ಒಬ್ಬ ವಲಯ ಅರಣ್ಯಾಧಿಕಾರಿ ಇಂಥ ವಿಡಿಯೊ ಹಿಡಿದರೆ, 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನು ಹ್ಯಾಶ್ ಸಂಖ್ಯೆ (ಕಡತದ ಡಿಜಿಟಲ್ ಗುರುತು) ಸಮೇತ ಒದಗಿಸಬೇಕು. ಕಂಪನಿಯಿಂದ ದಾಖಲೆ ತರಿಸುವ ಅಧಿಕಾರವನ್ನು ವನ್ಯಜೀವಿ ಕಾಯ್ದೆಯ 50ನೇ ಕಲಂ ಕೊಟ್ಟಿರುವುದು ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಮತ್ತು ಮೇಲಿನ ದರ್ಜೆಯವರಿಗೆ. ದಾಖಲೆ ಕೋರುವ ಪತ್ರ ಮೇಲೆ ಹೋಗಿ ಉತ್ತರ ಬರುವಷ್ಟರಲ್ಲಿ ಮಾರುವವನು ಖಾತೆ ಅಳಿಸಿ ಇನ್ನೊಂದು ತೆರೆದಿರುತ್ತಾನೆ.